ಬೋರ್ಡಿಗೆ ಹೇಳಿದ ಮಾತು

ನನ್ನ ವಾರಗಿತ್ತಿಗೂ ನನಗೂ ಮಾತು ಬಿಟ್ಟು ಆರು ವರ್ಷ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಮನೆಯಲ್ಲಿ ಅವಳು ಕೆಳಗೆ, ನಾನು ಮೇಲೆ. ದುಡಿಯುವುದೂ ಒಂದೇ ಕಡೆ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿಯಲ್ಲಿ. ಮೆಟ್ಟಿಲ ಮೇಲೆ ಎದುರಾದರೆ ಅವಳು ಗೋಡೆ ನೋಡುತ್ತಾಳೆ, ನಾನು ನನ್ನ ಚಪ್ಪಲಿ ನೋಡಿಕೊಳ್ಳುತ್ತೇನೆ.

ಹೋದ ವರ್ಷ ನನ್ನನ್ನು ಇಸ್ತ್ರಿ ವಿಭಾಗದ ಸೂಪರ್‌ವೈಸರ್ ಮಾಡಿದರು. ಅವಳು ನನಗಿಂತ ಹನ್ನೊಂದು ವರ್ಷ ಮೊದಲು ಸೇರಿದವಳು, ಸದ್ದು ಕೇಳಿಯೇ ಯಂತ್ರದ ಯಾವ ಭಾಗ ಎಣ್ಣೆ ಕೇಳುತ್ತಿದೆ ಎಂದು ಹೇಳಬಲ್ಲವಳು. ಮ್ಯಾನೇಜರ್ ಮೊದಲು ಕೇಳಿದ್ದು ಅವಳನ್ನೇ. 'ದಿನಾ ವರದಿ ಬರೆಯೋ ತಲೆನೋವು ನಂಗ್ಯಾಕೆ ಸಾರ್' ಎಂದು ತಳ್ಳಿಹಾಕಿದಳಂತೆ. ನಿಜವಾದ ಕಾರಣ ಲಾಂಡ್ರಿಯಲ್ಲಿ ನನ್ನೊಬ್ಬಳಿಗೇ ಗೊತ್ತು. ಅವಳಿಗೆ ಓದಲು ಬರೆಯಲು ಬರುವುದಿಲ್ಲ. ಸಹಿಯನ್ನು ಚಿತ್ರದಂತೆ ಬಿಡಿಸುತ್ತಾಳೆ. ಉಳಿದದ್ದಕ್ಕೆಲ್ಲ 'ಕನ್ನಡಕ ಮನೇಲಿ ಮರ್ತೆ' ಎನ್ನುತ್ತಾಳೆ. ಅವಳ ಬಳಿ ಕನ್ನಡಕವೇ ಇಲ್ಲ.

ಅವಳು ಬೇಡವೆಂದ ಕುರ್ಚಿಯಲ್ಲಿ ಕೂತಿದ್ದೇನೆ ಎಂಬುದು ನನಗೆ ದಿನವೂ ಚುಚ್ಚುತ್ತಿತ್ತು. ಆ ಉರಿಯನ್ನು ಅವಳ ಮೇಲೇ ತೀರಿಸಿಕೊಳ್ಳುತ್ತಿದ್ದೆ.

ಮಾತು ಬಿಟ್ಟವರು ಕೆಲಸ ಹೇಗೆ ಮಾಡುತ್ತಾರೆ? ನಮಗೊಬ್ಬಳು ಇದ್ದಳು, ಬಟ್ಟೆ ಮಡಿಸುವವಳು. ಊರ ಸುದ್ದಿಯೆಲ್ಲ ಅವಳ ಬಾಯಲ್ಲಿ ಇರುತ್ತಿದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. 'ಆ ಮಹಾರಾಣಿಗೆ ಹೇಳು, ಕೈ ಸ್ವಲ್ಪ ಬೇಗ ಆಡಲಿ' ಎಂದರೆ ರೇಡಿಯೋ ಹೋಗಿ 'ಅಕ್ಕಾ, ಇವತ್ತು ಸ್ವಲ್ಪ ಅವಸರ ಇದೆಯಂತೆ' ಎನ್ನುತ್ತಿದ್ದಳು. ಅಲ್ಲಿಂದ ಏನು ಉತ್ತರ ಬರುತ್ತಿತ್ತೋ, ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು 'ಆಯ್ತಂತೆ' ಆಗಿರುತ್ತಿತ್ತು. ಇಬ್ಬರ ವಿಷವನ್ನೂ ದಾರಿಯಲ್ಲೇ ಚೆಲ್ಲಿ ಬರುತ್ತಿದ್ದ ಪುಣ್ಯಾತ್ಗಿತ್ತಿ.

ಸೂಪರ್‌ವೈಸರ್‌ಗಳಿಗೆಲ್ಲ ಎರಡು ದಿನ ತರಬೇತಿ ಕೊಟ್ಟಿದ್ದರು. ಟೈ ಕಟ್ಟಿಕೊಂಡು ಬಂದವನು ಬೆಳಗಿನಿಂದ ಸಂಜೆಯವರೆಗೆ ಕೊರೆದ. ನನಗೆ ನೆನಪಿದ್ದದ್ದು ಎರಡೇ. ಒಂದು, ಹೇಳುವುದೆಲ್ಲ ಬರವಣಿಗೆಯಲ್ಲಿ ಇರಲಿ. ಎರಡು, ಮುಖ್ಯವಾದದ್ದನ್ನು ಎದುರಿಗೆ ನಿಂತು ಹೇಳಿ, ಕೇಳಿದವರ ಬಾಯಿಂದ ಅದನ್ನೇ ವಾಪಸ್ ಹೇಳಿಸಿ. ಮೊದಲನೆಯದು ನನಗೆ ಹಿಡಿಸಿತು. ಎರಡನೆಯದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಅವಳ ಎದುರಿಗೆ ನಾನು ನಿಲ್ಲುವುದುಂಟೇ?

ಆ ದಿನ ರೇಡಿಯೋ ಹಲ್ಲು ಕೀಳಿಸಲು ರಜೆ ಹಾಕಿದ್ದಳು. ಬೆಳಿಗ್ಗೆ ದೊಡ್ಡ ಇಸ್ತ್ರಿ ರೋಲರನ್ನು ಪರೀಕ್ಷೆ ಮಾಡಿದೆ. ಕಾದ ಉರುಳೆಯ ಮುಂದೆ ಎರಡೂ ತುದಿಗೆ ಒಂದೊಂದು ಕೆಂಪು ಸರಳು ಇರುತ್ತದೆ. ಕೈ ಸಿಕ್ಕಿತೆಂದು ಅದನ್ನು ಒತ್ತಿದರೆ ಯಂತ್ರ ಅಲ್ಲೇ ನಿಲ್ಲಬೇಕು. ಬಲಗಡೆಯ ಸರಳಿಗೆ ನಿಂತಿತು. ಎಡಗಡೆಯದಕ್ಕೆ ನಿಲ್ಲಲಿಲ್ಲ. ಮೆಕ್ಯಾನಿಕ್ ಮಧ್ಯಾಹ್ನ ಬರುತ್ತೇನೆಂದ. ಆಸ್ಪತ್ರೆಯವರು ಹನ್ನೆರಡಕ್ಕೇ ಬಟ್ಟೆ ಕೇಳಿದ್ದರು. ಬಲಗಡೆಯಿಂದ ಮಾತ್ರ ನಡೆಸೋಣ ಎಂದುಕೊಂಡೆ.

ಎಡಗಡೆ ನಿಲ್ಲುತ್ತಿದ್ದವಳು ಅವಳೊಬ್ಬಳೇ. ಕಿಟಕಿಯ ಬೆಳಕು ಬೀಳುವ ಆ ಜಾಗ ಎಷ್ಟೋ ವರ್ಷಗಳಿಂದ ಅವಳದ್ದು.

ಬೋರ್ಡಿನ ಮೇಲೆ ಬರೆದೆ. 'ರೋಲರಿನ ಎಡಗಡೆಯ ಸರಳು ಕೆಟ್ಟಿದೆ. ಮುಂದಿನ ಸೂಚನೆಯವರೆಗೆ ಅಲ್ಲಿ ಯಾರೂ ನಿಲ್ಲಬಾರದು.' ಅಂದವಾದ ದೊಡ್ಡ ಅಕ್ಷರ, ಕೆಳಗೆ ಎರಡು ಗೆರೆ. ಬರೆಯುವಾಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಕೈ ಸುಟ್ಟುಕೊಳ್ಳಲಿ ಎಂದಲ್ಲ, ಆ ಮಾತು ಸುಳ್ಳಲ್ಲ. ಬೋರ್ಡಿನ ಮುಂದೆ ತಬ್ಬಿಬ್ಬಾಗಿ ನಿಲ್ಲಲಿ, ನನ್ನ ಹತ್ತಿರ ಬಂದು ಬಾಯಿಬಿಟ್ಟು ಕೇಳಲಿ ಎಂದು. ಆರು ವರ್ಷದ ಬಿಗುಮಾನ ಒಮ್ಮೆ ಮುರಿಯಲಿ ಎಂದು.

ಅವಳು ಬಂದಳು. ಬೋರ್ಡಿನ ಮುಂದೆ ಓದುವಷ್ಟು ಹೊತ್ತು ಲೆಕ್ಕ ಹಾಕಿದ ಹಾಗೆ ನಿಂತಳು. ತಲೆ ಆಡಿಸಿದಳು. ಪಕ್ಕದ ಯಂತ್ರದವಳು ತನ್ನ ಕೆಲಸದಿಂದ ತಲೆ ಎತ್ತದೆಯೇ ಕೂಗಿದಳು, 'ಅಕ್ಕಾ, ಬೋರ್ಡ್ ನೋಡಿದ್ರಾ?'

'ನೋಡ್ದೆ ನೋಡ್ದೆ.'

ಹಾಗೆಂದವಳೇ ನೇರವಾಗಿ ಎಡಗಡೆಗೆ ಹೋಗಿ ದಿಂಬಿನ ಕವರುಗಳ ರಾಶಿ ಎಳೆದುಕೊಂಡಳು. ನಾನು ಸೂಪರ್‌ವೈಸರ್‌ನ ಗಾಜಿನ ಕೋಣೆಯೊಳಗಿಂದ ನೋಡುತ್ತಿದ್ದೆ. ಎದ್ದು ಹೋಗಿ ಹೇಳಲು ಇಪ್ಪತ್ತು ಹೆಜ್ಜೆ. ಮೂರು ಸಲ ಎದ್ದೆ. ನಾನೇ ಯಾಕೆ ಸೋಲಬೇಕು ಎಂದು ಮೂರು ಸಲವೂ ಕೂತೆ. ವರದಿಯ ಒಂದೇ ಸಾಲನ್ನು ಎರಡೆರಡು ಬಾರಿ ಬರೆದೆ.

ಹತ್ತೂವರೆಗೆ ಒಂದು ಕವರಿನ ಲಾಡಿ ಅವಳ ಬೆರಳಿಗೆ ಸುತ್ತಿಕೊಂಡಿತು. ಅವಳು ಎಡಗೈಯಿಂದ ಸರಳನ್ನು ಒತ್ತಿದಳು. ಉರುಳೆ ತಿರುಗುತ್ತಲೇ ಇತ್ತು. ಮತ್ತೆ ಮತ್ತೆ ಗುದ್ದಿದಳು. ಅವಳು ಕಿರುಚಲಿಲ್ಲ, ಕಿರುಚಿದವಳು ನಾನು. 'ಅಕ್ಕಾ! ಅಕ್ಕಾ!' ಎನ್ನುತ್ತಾ ಓಡಿ ಗೋಡೆಯ ದೊಡ್ಡ ಸ್ವಿಚ್ಚನ್ನು ಎಳೆದೆ. ಅವಳ ಬಲಗೈಯ ಎರಡು ಬೆರಳು ಗಿಣ್ಣಿನವರೆಗೆ ಬೆಂದಿದ್ದವು. ಹಿಡಿಯಲು ಹೋದ ನನ್ನ ಕೈಯನ್ನು ಅವಳು ಮೊಣಕೈಯಿಂದ ತಳ್ಳಿದಳು.

ಮಧ್ಯಾಹ್ನ ಬ್ಯಾಂಡೇಜು ಕಟ್ಟಿಸಿಕೊಂಡು ಬಂದವಳನ್ನೂ ನನ್ನನ್ನೂ ಮ್ಯಾನೇಜರ್ ಒಳಗೆ ಕರೆದರು. ಮುಂದೆ ಒಂದು ಫಾರಂ ಇತ್ತು. ಎಚ್ಚರಿಕೆ ಕೊಟ್ಟಿದ್ದರೂ ಮೀರಿದವರನ್ನು ಕೆಲಸದಿಂದ ತೆಗೆಯುವುದು ನಮ್ಮಲ್ಲಿಯ ನಿಯಮ. ಭಾವ ಸೊಂಟ ಬಿದ್ದು ಮಲಗಿ ಎರಡು ವರ್ಷವಾಗಿದೆ. ಕೆಳಗಿನ ಮನೆಯ ಒಲೆ ಹೊತ್ತುವುದು ಅವಳ ದುಡಿಮೆಯಿಂದ.

'ಬೋರ್ಡಲ್ಲಿ ಇಷ್ಟು ದೊಡ್ಡದಾಗಿ ಬರೆದಿದೆ. ಓದಿಲ್ವೇನಮ್ಮ?' ಮ್ಯಾನೇಜರ್ ಅವಳನ್ನು ಕೇಳಿದರು.

ಅವಳು ಈಗ ಹೇಳುತ್ತಾಳೆ ಎಂದು ಕಾದೆ. ಓದಕ್ಕೆ ಬರಲ್ಲ ಎಂದರೆ ಸಾಕು, ತಪ್ಪು ಅವಳ ತಲೆಯಿಂದ ಇಳಿಯುತ್ತಿತ್ತು. ಅವಳು ಕತ್ತು ನೆಟ್ಟಗೆ ಮಾಡಿ ಕೂತಳು.

'ಓದ್ದೆ ಸಾರ್. ಮರ್ತೋಯ್ತು.'

'ಹಾಗಾದ್ರೆ ತಪ್ಪು ನಿಮ್ದೇ ಆಗುತ್ತಲ್ಲಮ್ಮ?'

'ನಂದೇ.'

ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಎಂಥ ಜಂಬ ಇವಳದ್ದು! ಅನ್ನ ಹೋಗುತ್ತಿದೆ, ಆದರೂ ಬಾಯಿ ಬಿಡಲೊಲ್ಲಳು. ಆ ಜಂಬವನ್ನು ಅವಳಿಗೆ ಕಲಿಸಿದವಳು ಯಾರು ಎಂಬುದು ಮರುಗಳಿಗೆಯಲ್ಲೇ ನೆನಪಾಯಿತು. ಆರು ವರ್ಷದ ಹಿಂದೆ ಮಾವನಿಗೆ ಜ್ವರ, ಮನೆ ತುಂಬ ನೆಂಟರು. ಇವಳು ಔಷಧಿ ಚೀಟಿ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು, ದಿನಕ್ಕೆ ಎಷ್ಟು ಸಲ ಕೊಡಬೇಕು ನೋಡು ಎಂದು ಪಿಸುಗುಟ್ಟಿದ್ದಳು. ನಾನು ಹಜಾರಕ್ಕೆಲ್ಲ ಕೇಳುವಂತೆ ಒಂದು ಮಾತು ಅಂದೆ. ನೆಂಟರು ಬಿದ್ದು ಬಿದ್ದು ನಕ್ಕರು. ನನಗೆ ಅವತ್ತು ಅದು ತಮಾಷೆ.

ಮ್ಯಾನೇಜರ್ ಫಾರಂ ನನ್ನ ಕಡೆ ತಳ್ಳಿದರು. 'ಎಚ್ಚರಿಕೆ ನೀಡಲಾಗಿತ್ತೇ?' ಎದುರಿಗೆ ಎರಡು ಚೌಕ. ನಾನು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದೆ.

'ಏನ್ರೀ ಇದು? ಬೋರ್ಡಲ್ಲಿ ನೀವೇ ಬರೆದಿದ್ದೀರಲ್ಲ?'

'ಬೋರ್ಡಿಗೆ ಹೇಳ್ದೆ ಸಾರ್. ಇವರಿಗೆ ಹೇಳ್ಲಿಲ್ಲ. ಎಡಗಡೆ ನಿಂತಿದ್ದು ನೋಡ್ದೆ, ಆಗ್ಲೂ ಹೇಳ್ಲಿಲ್ಲ. ನಮಗಿಬ್ಬರಿಗೂ ಮಾತಿಲ್ಲ.'

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಮನೆಯ ಜಗಳವನ್ನು ಯಂತ್ರದ ಹತ್ತಿರ ತಂದಿದ್ದೀರಿ ಎಂದು ಇಬ್ಬರಿಗೂ ಮುಖಕ್ಕೆ ಮಂಗಳಾರತಿ ಮಾಡಿದರು. ಅವಳಿಗೆ ಸಂಬಳದ ರಜೆ ಸಿಕ್ಕಿತು, ನನಗೆ ಎಚ್ಚರಿಕೆ ಪತ್ರ. ಇನ್ನೊಂದು ಪತ್ರ ಬಂದರೆ ನನ್ನ ಕೆಲಸ ಹೋಗುತ್ತದೆ.

ಹೊರಗೆ ಬಂದ ಮೇಲೆ ಅವಳು ಗೋಡೆ ನೋಡುತ್ತಲೇ ಹೇಳಿದಳು, 'ದೊಡ್ಡ ಉಪಕಾರ ಮಾಡಿದೆ ಅಂತ ಬೀಗಬೇಡ. ಬೆಂದಿರೋದು ನನ್ನ ಕೈ.'

ಆರು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

ಮೂರು ವಾರದ ನಂತರ ಅವಳು ಕೆಲಸಕ್ಕೆ ಬಂದಳು. ರೇಡಿಯೋ ಓಡಿಬಂದು 'ನಾನು ಹೇಳ್ಲಾ?' ಎಂದಳು. ಬೇಡವೆಂದೆ. ಇಪ್ಪತ್ತು ಹೆಜ್ಜೆ ನಡೆದು ಅವಳ ಎದುರಿಗೆ ನಿಂತೆ.

'ಅಕ್ಕಾ, ಎಡಗಡೆ ಸರಳು ರಿಪೇರಿ ಆಗಿದೆ. ಈಗ್ಲೇ ನಾನೇ ಒತ್ತಿ ನೋಡಿ ಬಂದೆ. ಆದ್ರೂ ಲಾಡಿ ಇರೋ ಕವರ್ ಮುಟ್ಟಬೇಡಿ, ಅದು ಬೇರೆ ಯಂತ್ರಕ್ಕೆ ಹೋಗುತ್ತೆ.' ಅಷ್ಟಕ್ಕೆ ತಿರುಗಿ ಹೊರಡಬಹುದಿತ್ತು. ಹೊರಡಲಿಲ್ಲ. 'ನಾನು ಹೇಳಿದ್ದನ್ನ ಒಂದ್ಸಲ ವಾಪಸ್ ಹೇಳ್ಬೇಕು. ಎಲ್ಲರಿಗೂ ಹೀಗೇ ಮಾಡ್ತಿದೀನಿ ಈಗ.'

ಅವಳು ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಬಲಗೈಯ ಎರಡು ಬೆರಳಿನ ಚರ್ಮ ಇನ್ನೂ ಹೊಳೆಯುತ್ತಿತ್ತು.

'ಹೇಳ್ತೀನಿ ಕೇಳು. ಅವತ್ತು ಚೀಟಿ ಹಿಡ್ಕೊಂಡು ಬಂದಾಗ ನೀನು "ಅಯ್ಯೋ ಅಕ್ಕಾ, ಇಷ್ಟೂ ಓದಕ್ಕೆ ಬರಲ್ವಾ ನಿಮಗೆ?" ಅಂದೆ. ಹಜಾರದಲ್ಲಿ ಹದಿನಾಲ್ಕು ಜನ ಕೂತಿದ್ರು.' ಅವಳ ದನಿ ನನಗೊಬ್ಬಳಿಗೇ ಕೇಳುವಷ್ಟಿತ್ತು. 'ಇವತ್ತು ಸರಳು ಸರಿಯಾಗಿದೆ, ಲಾಡಿ ಕವರ್ ಮುಟ್ಟಬೇಡಿ ಅಂದೆ. ಎರಡೂ ಕೇಳಿಸ್ತು. ಒಂದಕ್ಷರ ಬಿಟ್ಟಿದ್ರೆ ಹೇಳು.'

'ಬಿಟ್ಟಿಲ್ಲ' ಎಂದೆ.

'ಹಾಗಾದ್ರೆ ದಾರಿ ಬಿಡು, ಕೆಲ್ಸ ಇದೆ.'