ಸದ್ದು ಬಾರದ ವಾರ

ನಾನು ಒಂದು ಟೆಲಿಫೋನ್ ಬೋರ್ಡು. ಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂರುತ್ತಿದ್ದ ಒಂಟಿ ಫೋನುಗಳ ಪೈಕಿ ಅಲ್ಲ. ಹೊರಗಿನಿಂದ ಬರುವ ಎಂಟು ಲೈನುಗಳನ್ನು ಒಳಗಿನ ಮೂವತ್ತೆರಡು ಮೇಜುಗಳಿಗೆ ಹಂಚುವುದು ನನ್ನ ಕೆಲಸ. ಗೋಡೆಗೆ ನೇತುಹಾಕಿದ ಕಬ್ಬಿಣದ ಪೆಟ್ಟಿಗೆ ನನ್ನ ಹೊಟ್ಟೆ. ಮೇಜಿನ ಮೇಲೆ ಕೂರುವ, ಸಾಲು ಸಾಲು ಗುಂಡಿಗಳ ಹಲಗೆ ನನ್ನ ಮುಖ.

ತೊಂಬತ್ತೊಂದನೆಯ ಇಸವಿಯಲ್ಲಿ, ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಹೆಂಗಸರು ಸಾಲಾಗಿ ಕುಳಿತು ಬೆಸುಗೆ ಹಾಕುತ್ತಿದ್ದರು. ನನ್ನೊಳಗಿನ ಒಂದೊಂದು ತಂತಿಯೂ ಯಾರೋ ಒಬ್ಬಳ ಕಣ್ಣುರಿಯಿಂದ ಕೂಡಿದ್ದು. ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡುವಾಕೆ ಒಂದು ತುದಿಯಿಂದ, "ಊಟಕ್ಕೆ ಏನ್ ತಂದಿದ್ದೀಯೇ?" ಎಂದು ಕೇಳಿದಳು. ಇನ್ನೊಂದು ತುದಿಯಿಂದ, "ಚಿತ್ರಾನ್ನ" ಎಂದು ಉತ್ತರ ಬಂತು. ಈ ಲೋಕದಲ್ಲಿ ನಾನು ದಾಟಿಸಿದ ಮೊದಲ ಮಾತು ಅದು.

ಮೊದಲ ಹತ್ತು ವರ್ಷ ಹುಬ್ಬಳ್ಳಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಕಳೆದೆ. ಬಿಸಿನೀರು ಬೇಕು, ಚಹಾ ಬೇಕು, ಸೊಳ್ಳೆ ಕಾಟ ಎಂಬ ಮಾತುಗಳೇ ದಿನವೂ. ಕೌಂಟರಿನಲ್ಲಿ ಕೂರುವವರು ಆರು ತಿಂಗಳಿಗೊಬ್ಬರಂತೆ ಬದಲಾಗುತ್ತಿದ್ದರು. ಅಲ್ಲಿ ನನ್ನನ್ನು ಒತ್ತಿದವರು ಬಹಳ, ಮುಟ್ಟಿದವರು ಇಲ್ಲ. ರಸ್ತೆ ಅಗಲ ಮಾಡುವಾಗ ಲಾಡ್ಜಿನ ಮುಂಭಾಗ ಹೋಯಿತು. ಶಿವಪುತ್ರಪ್ಪನವರು ಎಂಬ ಮೋಟರ್ ತಯಾರಕರು ನನ್ನನ್ನು ಗೋಕುಲ ರಸ್ತೆಯ ತಮ್ಮ ಕಾರ್ಖಾನೆಗೆ ಒಯ್ದರು. ಹಿಟ್ಟಿನ ಗಿರಣಿಗೆ, ಬಾವಿಯ ಪಂಪಿಗೆ ಹಚ್ಚುವ ಮೋಟರುಗಳನ್ನು ಅಲ್ಲಿ ಮಾಡುತ್ತಿದ್ದರು.

ಅಲ್ಲಿಗೆ ಬಂದ ಮೂರನೆಯ ದಿನ ಮಹಾನಂದಕ್ಕ ಬಂದಳು. ಕೈಯಲ್ಲಿ ಮಡಚುವ ಕೋಲು ಇತ್ತು. ಹುಟ್ಟಿದಾಗಿನಿಂದ ಅವಳಿಗೆ ಕಣ್ಣಿಲ್ಲ. ಅಂಧರ ಆಶ್ರಮದಲ್ಲಿ ಬೆಳೆದವಳು, ಹಾಡು ಮತ್ತು ಕಾವ್ಯವಾಚನ ಕಲಿತವಳು. ಒಂದು ಮಠದಲ್ಲಿ ಅವಳ ವಾಚನ ಕೇಳಿದ ಶಿವಪುತ್ರಪ್ಪನವರು, ಇಷ್ಟು ಪದ್ಯ ನೆನಪಿಡುವವಳಿಗೆ ಮೂವತ್ತೆರಡು ನಂಬರು ಯಾವ ಲೆಕ್ಕ ಎಂದು ಕೆಲಸಕ್ಕೆ ಕರೆದಿದ್ದರು. ಅವಳು ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳನ್ನು ನನ್ನ ಮೇಲೆ ಮೆಲ್ಲಗೆ ಆಡಿಸಿದಳು. ಎಳೆ ಕೂಸಿನ ಮುಖ ತಡವುವಂತೆ ತಡವಿದಳು. ಮರುದಿನ ಸೆರಗಿನಲ್ಲಿ ಜೋಳದ ಕಾಳು ಕಟ್ಟಿಕೊಂಡು ಬಂದು, ಅಂಟು ಹಚ್ಚಿ ನನ್ನ ಗುಂಡಿಗಳಿಗೆ ಕೂಡಿಸಿದಳು. ಮಾಲು ಕಳಿಸುವ ವಿಭಾಗಕ್ಕೆ ಒಂದು ಕಾಳು, ರಿಪೇರಿಗೆ ಎರಡು, ಧಣಿಗಳ ಕೋಣೆಗೆ ಮೂರು.

ಬೆಳಿಗ್ಗೆ ಒಂಬತ್ತಕ್ಕೆ, ಮೊದಲ ಕರೆ ಬರುವ ಮೊದಲು, ಅವಳು ಒಂದು ಷಟ್ಪದಿಯನ್ನು ಬಹಳ ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಕೇಳುವವರು ಇಬ್ಬರೇ, ದೇವರು ಮತ್ತು ನಾನು. ಆ ಆರು ಸಾಲು ಮುಗಿಯುವವರೆಗೆ ಯಾವ ಲೈನೂ ಬಾರದಿರಲಿ ಎಂದು ನಾನು ಹಾರೈಸುತ್ತಿದ್ದೆ.

ಅವಳು ಬಂದ ವರ್ಷವೇ ಆ ಸಂಗತಿ ನಡೆಯಿತು. ಶಿರಹಟ್ಟಿ ಕಡೆಯ ಗಿರಣಿಯ ಚಂಬಣ್ಣ ಸಿಟ್ಟಿನಿಂದ ಫೋನು ಮಾಡಿದ್ದ.

"ನಾಕು ಸಲ ಮಂದಿ ಬಂದು ಹೋದ್ರು. ಏನೂ ಆಗಿಲ್ಲ ಅಂತಾರ. ನೀವ ಕೇಳ್ರಿ ಇದನ್ನ" ಎಂದು ಅವನು ಫೋನನ್ನು ಮೋಟರಿನ ಕಡೆ ಹಿಡಿದುಬಿಟ್ಟ. ಗರ್ ಎಂಬ ಸದ್ದು ತಂತಿಯ ಮೇಲೆ ಓಡಿ ಬಂತು. ಬೇರೆ ಯಾರಾದರೂ ಆಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮಹಾನಂದಕ್ಕ ತಲೆ ಬಾಗಿಸಿ, ತಂಬೂರಿ ಕೇಳುವವಳಂತೆ ಕೇಳಿದಳು.

"ಅಣ್ಣಾರ, ನಿಮ್ಮ ಮೋಟರ್ ಶ್ರುತಿ ಬಿಟ್ಟೈತಿ. ಗಾಲಿ ಸುತ್ತಿದಾಗೊಮ್ಮೆ ಒಂದ ಕಡೆ ತೊದಲತೈತಿ" ಎಂದಳು. ರಿಪೇರಿಯ ಮೌಲಾಲಿ ಮೇಸ್ತ್ರಿ ಹೋಗಿ ಬಿಚ್ಚಿ ನೋಡಿದರೆ, ಬೇರಿಂಗಿನ ಒಂದು ಗುಂಡು ಸೀಳಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಯಾರೇ ತಕರಾರು ಹೇಳಲಿ, ಮೊದಲು ಅವಳು, "ಫೋನ್ ಮೋಟರ್ ಹತ್ರ ಇಡ್ರಿ" ಎನ್ನುತ್ತಿದ್ದಳು. ಬೇರಿಂಗ್ ಹೋದರೆ ಒಂದು ಸದ್ದು, ಕರೆಂಟಿನ ಮೂರು ಫೇಸಿನಲ್ಲಿ ಒಂದು ತಪ್ಪಿದರೆ ಗುರುಗುಟ್ಟಿದಂಥ ಇನ್ನೊಂದು ಸದ್ದು, ಒಳಗಿನ ತಂತಿಯ ಸುರುಳಿ ಸುಡಲು ಹತ್ತಿದರೆ ಗಂಟಲು ಕಟ್ಟಿದಂಥ ಮತ್ತೊಂದು. ಅವಳು ಹೇಳಿದ ಸಾಮಾನನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಮೌಲಾಲಿ ಬೈಕು ಹತ್ತುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಒಂದೇ ತಕರಾರಿಗೆ ಎರಡನೆಯ ಸಲ ಅದೇ ಊರಿಗೆ ಹೋದದ್ದು ಬೆರಳೆಣಿಕೆಯಷ್ಟು.

"ಅಕ್ಕಾರ, ನೀವು ಡಾಕ್ಟರ್ ಆಗಬೇಕಿತ್ರಿ. ನಮ್ಮ ಹೊಟ್ಟಿಗೂ ಫೋನ್ ಹಚ್ಚಿ ನೋಡ್ತಿದ್ರಿ" ಎಂದು ಅವನು ಕೆಣಕುತ್ತಿದ್ದ.

"ನಿನ್ನ ಹೊಟ್ಟಿ ಸದ್ದಿಗೆ ಫೋನ್ ಯಾಕೋ? ಗೇಟಿನಾಗ ಬಂದಾಗನ ಕೇಳಸ್ತು. ಹೋಗು, ಉಂಡು ಬಾ."

ಇದು ಯಾವ ಪುಸ್ತಕದಲ್ಲಿಯೂ ಬರೆದಿರದ ಕೆಲಸ. ಕಂಪನಿಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಟೆಲಿಫೋನ್ ಆಪರೇಟರ್ ಎಂದಷ್ಟೇ ಇತ್ತು. ನನ್ನ ವಿಚಾರಕ್ಕೆ ಬಂದರೆ, ಅವಳು ಕೇಳಿದ್ದೆಲ್ಲ ನನ್ನ ಮೂಲಕವೇ ಹಾದುಹೋದದ್ದು. ನನಗೆ ವಿವೇಚನೆ ಇರಲಿಲ್ಲ. ಮನುಷ್ಯರ ಮಾತು ಬಂದರೆ ಮಾತು ಕೊಟ್ಟೆ, ಮೋಟರಿನ ನರಳಾಟ ಬಂದರೆ ಅದನ್ನೂ ಹಾಗೆಯೇ ಕೊಟ್ಟೆ. ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವಷ್ಟು ಜಾಣತನ ನನ್ನನ್ನು ಮಾಡಿದವರು ನನಗೆ ಕೊಟ್ಟಿರಲಿಲ್ಲ.

ಶಿವಪುತ್ರಪ್ಪನವರು ತೀರಿಕೊಂಡರು. ಮಗ ನಿರಂಜನ ಕುರ್ಚಿಗೆ ಬಂದ. ಕೆಟ್ಟವನಲ್ಲ. ಸೋಲಾಪುರ, ಬೆಳಗಾವಿ, ಬಳ್ಳಾರಿಯಲ್ಲಿ ಶಾಖೆ ತೆರೆದ. ಅವರೆಲ್ಲರ ಫೋನು ಒಂದೇ ಕಡೆ ಕೂಡಬೇಕು, ಯಾರು ಎಲ್ಲೇ ಇದ್ದರೂ ಕರೆ ತಪ್ಪಬಾರದು ಎಂಬುದು ಅವನ ಇಚ್ಛೆ. ನನ್ನಿಂದ ಅದು ಸಾಧ್ಯವಿರಲಿಲ್ಲ. ನನಗೂ ವಯಸ್ಸಾಗಿತ್ತು. ಎಂಟರಲ್ಲಿ ಮೂರು ಲೈನು ಸತ್ತಿದ್ದವು. ನನ್ನ ಬಿಡಿಭಾಗಗಳನ್ನು ಮಾಡುವವರು ಎಲ್ಲಿಯೂ ಉಳಿದಿರಲಿಲ್ಲ.

ಆ ಚಳಿಗಾಲದಲ್ಲಿ ಮಹಾನಂದಕ್ಕನಿಗೆ ನೆಗಡಿ ಬಂದು ಕಿವಿಗೆ ಇಳಿಯಿತು. ಹದಿನೈದು ದಿನ ಬಲಗಿವಿ ಸೋರಿತು. ವಾಸಿಯಾದ ಮೇಲೂ ಅವಳು ಆಗಾಗ ಬೆರಳಿನಿಂದ ಮೇಜನ್ನು ತಟ್ಟಿ, ಒಮ್ಮೆ ಬಲಗಿವಿಗೆ, ಒಮ್ಮೆ ಎಡಗಿವಿಗೆ ಕೇಳಿಸಿಕೊಳ್ಳುತ್ತಿದ್ದಳು. ಆಗ ಅವಳಿಗೆ ಐವತ್ಮೂರು. ಕಣ್ಣಿಲ್ಲದವರಿಗೆ ಕಿವಿಯ ಚಿಂತೆ ಎಂಥದ್ದೆಂದು ನಾನು ಆ ತಟ್ಟುವಿಕೆಯಲ್ಲಿ ತಿಳಿದೆ.

ಪುಣೆಯಿಂದ ಕೇದಾರ ಎಂಬ ಇಂಜಿನಿಯರ್ ಬಂದ. ಮೂಲತಃ ಧಾರವಾಡದವನೇ. ನನ್ನ ಪಕ್ಕದಲ್ಲಿಯೇ ತನ್ನ ಕಂಪ್ಯೂಟರ್ ತೆರೆದು ನಿರಂಜನನಿಗೆ ವಿವರಿಸಿದ.

"ಇನ್ನ ಮ್ಯಾಲೆ ಗ್ವಾಡಿಗೆ ಪೆಟಿಗಿ ಇರಂಗಿಲ್ರಿ. ಫೋನು, ಮೆಸೇಜು, ಮೀಟಿಂಗು ಎಲ್ಲಾ ಒಂದ ಕಡೆ. ಎಲ್ಲಾ ಕ್ಲೌಡ್‌ನ್ಯಾಗ ಇರ್ತದ. ನಿಮ್ಮ ಮೊಬೈಲ್‌ನ್ಯಾಗೂ ಅದ, ಸೋಲಾಪುರದವರ ಲ್ಯಾಪ್‌ಟಾಪ್‌ನ್ಯಾಗೂ ಅದ."

ಕ್ಲೌಡ್ ಎಂದರೆ ಎಲ್ಲೋ ದೂರದ ಊರಿನ ದೊಡ್ಡ ಕಂಪ್ಯೂಟರುಗಳು ಎಂದು ನಾನು ಮುಂದೆ ಕೇಳಿ ತಿಳಿದೆ. ಕೇದಾರ ಅದರ ಗುಣಗಳನ್ನು ಒಂದೊಂದಾಗಿ ಹೇಳುತ್ತ ಹೋದ. ಕೊನೆಯಲ್ಲಿ, "ಇನ್ನೊಂದು ಅದರೀ. ಹಿಂದಿನ ಗದ್ದಲ ಎಲ್ಲಾ ತಾನ ಅಳಿಸಿ ಹಾಕ್ತದ. ಫ್ಯಾನು, ಗಾಡಿ, ಮಷಿನು, ಯಾವ ಸದ್ದೂ ಬರಂಗಿಲ್ಲ. ಮನಷ್ಯಾರ ದನಿ ಅಷ್ಟ ಉಳೀತದ" ಎಂದ.

ನಿರಂಜನ ಮೊಬೈಲಿನಲ್ಲಿ ಏನೋ ಓದುತ್ತ, "ಹ್ಞೂಂ, ಹಾಕಿಬಿಡ್ರಿ" ಎಂದ. ಮಹಾನಂದಕ್ಕ ಊಟಕ್ಕೆ ಎದ್ದು ಹೋಗಿದ್ದಳು. ಮೌಲಾಲಿ ರಿಪೇರಿಗೆಂದು ಕುಂದಗೋಳಕ್ಕೆ ಹೋಗಿದ್ದ. ಆ ಮಾತನ್ನು ಲಕ್ಷ್ಯಕೊಟ್ಟು ಕೇಳಿದ್ದು ನಾನೊಬ್ಬನೇ.

ಅವಳು ಮರಳಿದಾಗ ನಿರಂಜನ ಬಳಿ ಬಂದು ನಿಂತು ಹೇಳಿದ. "ಅಕ್ಕಾರ, ಕರೆ ಕೂಡಸೂ ಕೆಲಸ ಇನ್ನ ಮಷಿನ್ ಮಾಡ್ತದ. ಆದ್ರ ನೀವು ಮೋಟರ್ ಕೇಳಿ ಹೇಳ್ತೀರಲ್ಲ, ಅದು ಮಷಿನ್ನಿಗೆ ಬರಂಗಿಲ್ಲ. ಒಂದ ವಾರ ಹೊಸಾದ್ರಾಗ ಕೂತು ನೋಡ್ರಿ. ಆತು ಅಂದ್ರ ನಿಮ್ಮ ಕುರ್ಚಿ ನಿಮಗ."

"ಆಗ್ಲಿರಿ" ಎಂದಳು ಅವಳು. ಮುಖ ಅರಳಿತು.

ಸೋಮವಾರ ನನ್ನ ಹೊರಗಿನ ಲೈನುಗಳನ್ನೆಲ್ಲ ಕಿತ್ತರು. ಅವಳ ಕಿವಿಗೆ ಹೆಡ್‌ಫೋನು ಬಂತು. ನಾನು ಅದೇ ಮೇಜಿನ ಮೇಲಿದ್ದೆ, ಒಳಗಿನ ಫೋನುಗಳಿಗೆ ಮಾತ್ರ. ಆ ಕಡೆಯವರ ಮಾತು ಈಗ ನನ್ನೊಳಗೆ ಹಾಯುತ್ತಿರಲಿಲ್ಲ. ಅವಳಾಡುವ ಮಾತು ಮಾತ್ರ ಕೇಳುತ್ತಿತ್ತು.

ಮಂಗಳವಾರ ಚಂಬಣ್ಣನ ಕರೆ ಬಂತು. ಅವಳು ನಗುತ್ತ ಮಾತಾಡಿಸಿದಳು. ಆಮೇಲೆ ಹೀಗೆ ಕೇಳಿಸಿತು.

"ಇಡ್ರಿ, ಮೋಟರ್ ಹತ್ರ ಇಡ್ರಿ... ಇಟ್ರೇನು?... ಚಾಲೂ ಮಾಡ್ರಿ... ಮಾಡೀರಿ?... ಇನ್ನಷ್ಟು ಹತ್ರ ಒಯ್ರಿ ಅಣ್ಣಾರ... ಇಲ್ಲ, ಕೇಳವಲ್ದು... ಒದರಾಕತ್ತೈತಿ?... ನಿಮ್ಮ ಮಾತು ಕೇಳಸ್ತೈತ್ರಿ, ಚಂದ ಕೇಳಸ್ತೈತಿ..."

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಬಲಗಿವಿಗೆ, ಆಮೇಲೆ ಎಡಗಿವಿಗೆ. "ಮೌಲಾಲಿನ್ನ ಕಳಸ್ತೀನ್ರಿ" ಎಂದು ಹೇಳಿ ಮುಗಿಸಿದಳು. ಯಾವ ಸಾಮಾನು ಒಯ್ಯಬೇಕೆಂದು ಅವಳು ಹೇಳದೆ ಮೌಲಾಲಿ ಹೊರಟದ್ದು ಅದೇ ಮೊದಲು.

ಬುಧವಾರ ಎರಡು ಕರೆ. ಗುರುವಾರ ಮೂರು. ಎಲ್ಲದರಲ್ಲಿಯೂ ಮನುಷ್ಯರ ದನಿ ಪಕ್ಕದಲ್ಲಿ ಕುಳಿತಂತೆ, ಅದರ ಹಿಂದೆ ಬರಿಯ ಬಯಲು ಎಂಬುದು ಅವಳ ಉತ್ತರಗಳಿಂದಲೇ ನನಗೆ ತಿಳಿಯುತ್ತಿತ್ತು. ಶುಕ್ರವಾರ ನಿರಂಜನನೇ ಬಂದು ಹೆಡ್‌ಫೋನು ಹಾಕಿಕೊಂಡು ಸೋಲಾಪುರಕ್ಕೆ ಮಾತಾಡಿ ನೋಡಿದ. "ಬೆಳ್ಳಿ ಹಂಗ ಕೇಳಸಾಕತ್ತದಲ್ರಿ ಅಕ್ಕಾರ. ಸಿಸ್ಟಮ್ ಛಲೋನ ಅದ" ಎಂದ. ಅವನಾಡಿದ್ದು ನಿಜ. ಸೋಲಾಪುರದವರ ಹಿಂದೆ ಮೋಟರ್ ಇರಲಿಲ್ಲ.

ಅವಳ ಕೈ ಮೇಜಿನ ಮೇಲೆ ತಣ್ಣಗೆ ಬಿದ್ದಿತ್ತು.

ನನ್ನ ಮೂವತ್ತು ವರ್ಷದ ಬಾಳಿನಲ್ಲಿ ಒಂದೇ ಒಂದು ಮಾತು ನನ್ನದೇ ಆಗಿ ಆಡಬೇಕೆನಿಸಿದ್ದು ಆಗ. ನನ್ನಿಂದಾದದ್ದು, ಗುಂಡಿಯೊಂದರ ಕೆಂಪು ದೀಪ ಒಮ್ಮೆ ಮಿನುಗಿತು. ಅದೂ ನಾನು ಮಿನುಗಿಸಿದ್ದೋ, ಹಳೆಯ ತಂತಿಯ ಕಾಟವೋ ತಿಳಿಯದು. ಮಿನುಗಿದರೂ ಅವಳಿಗೆ ಕಾಣುವುದು ಹೇಗೆ?

ಶನಿವಾರ ಅವಳು ಷಟ್ಪದಿ ಹೇಳಲಿಲ್ಲ. ನಿರಂಜನ ಬಂದ ಕೂಡಲೇ ಎದ್ದು ನಿಂತಳು.

"ಸಾಹೇಬ್ರ, ನನ್ನ ಕಿವಿ ಹೋಗೈತ್ರಿ."

"ಡಾಕ್ಟರ್‌ಗೆ ತೋರಸೋಣ್ರಿ ಅಕ್ಕಾರ. ಗಡಿಬಿಡಿ ಬ್ಯಾಡ."

"ಡಾಕ್ಟರು ಮಾತು ಕೇಳಸ್ತೈತೇನು ಅಂತ ಕೇಳ್ತಾರ್ರಿ. ಮಾತು ಕೇಳಸ್ತೈತಿ. ಮಾತಿನ ಕೆಳಗ ಇರೂದು ಕೇಳವಲ್ದು. ಅದಕ್ಕ ಯಾವ ಔಷಧ ಐತಿ? ಕೆಲಸ ಆಗದ ಮ್ಯಾಲೆ ಕುರ್ಚಿ ಹಿಡದು ಕುಂಡ್ರಬಾರದ್ರಿ."

ನಿರಂಜನ ಎರಡು ಸಲ ಬೇಡವೆಂದ. ಮೂರನೆಯ ಸಲ ಅನ್ನಲಿಲ್ಲ. ಅವಳು ಹೋಗುವ ಮುನ್ನ ನನ್ನ ಗುಂಡಿಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಎರಡು ಮೂರು ಕಾಳು ಉದುರಿದವು.

ಮರುವಾರ ನನ್ನನ್ನು ಬಿಚ್ಚಿ ವರ್ಕ್‌ಶಾಪಿನ ಗೋಡೆಯ ಹಲಗೆಯ ಮೇಲೆ, ಸುಟ್ಟ ಸುರುಳಿಗಳ ನಡುವೆ ಇಟ್ಟರು. ಆ ದಿನವೇ ಮೌಲಾಲಿ ಸ್ಟೋರಿನವನಿಗೆ ಹೇಳುತ್ತಿದ್ದುದು ಕೇಳಿಸಿತು. "ಚಂಬಣ್ಣನ ಮೋಟರ್ ಬಸ್‌ಸ್ಟ್ಯಾಂಡಿನ ತನಕ ಒದರತಿತ್ತೋ. ಅಂಥಾ ಸದ್ದು ಅಕ್ಕಾರಿಗೆ ಕೇಳ್ಲಿಲ್ಲ ಅಂದ್ರ, ಪಾಪ, ಕಿವಿ ಪೂರಾ ಹೋಗೈತಿ."

ಹದಿನೈದು ದಿನ ಕಳೆದು ಮಹಾನಂದಕ್ಕ ತನ್ನ ಊಟದ ಡಬ್ಬಿ, ಕೊಡೆ ಒಯ್ಯಲು ಬಂದಳು. ಕೋಲು ತಟ್ಟುತ್ತ ವರ್ಕ್‌ಶಾಪಿಗೂ ಬಂದು ನನ್ನ ಹಲಗೆಯ ಕೆಳಗೇ ನಿಂತಳು. ಲೇತು ಕಿರ್ರೆಂದು ತಿರುಗುತ್ತಿತ್ತು. ಆಚೆ ಯಾರೋ ತಗಡು ಬಡಿಯುತ್ತಿದ್ದರು.

"ಮೌಲಾಲಿ, ಚಂಬಣ್ಣನ ಗಿರಣಿಗೆ ಹೋಗಿದ್ದೆಲ್ಲ, ಏನಾಗಿತ್ತೋ?"

ಮೌಲಾಲಿ ಕೈಯ ಎಣ್ಣೆ ಒರೆಸಿಕೊಂಡ. "ಮೋಟರ್ ಸುಟ್ಟು ಸತ್ತಂಗ ಬಿದ್ದಿತ್ರಿ ಅಕ್ಕಾರ. ಸದ್ದ ಇರಲಿಲ್ಲ. ನಿಮಗೆಲ್ಲಿಂದ ಕೇಳಬೇಕ್ರಿ?"

"ಸದ್ದ ಇರಲಿಲ್ಲ?"

"ಇಲ್ರಿ. ನಿಮ್ಮ ಕಿವಿಗೆ ಏನೂ ಆಗಿಲ್ರಿ."

ಅವಳು ಮುಖವನ್ನು ಅವನ ಕಡೆ ತಿರುಗಿಸಿದಳು. "ಸುಳ್ಳು ಹೇಳುವಾಗ ನಿನ್ನ ದನಿ ಅರ್ಧ ಸ್ವರ ಮ್ಯಾಲೆ ಏರ್ತೈತಿ" ಎಂದಳು. "ಖರೇ ಹೇಳು. ಒದರತಿತ್ತೇನು?"

ಮೌಲಾಲಿ ತಲೆ ತಗ್ಗಿಸಿದ. "ಒದರತಿತ್ರಿ."

"ಹಂಗಾರ ಆತು ಬಿಡು" ಎಂದು ಅವಳು ಕೋಲನ್ನು ಬಾಗಿಲ ಕಡೆ ಚಾಚಿದಳು. ಮೌಲಾಲಿ ಗೇಟಿನವರೆಗೆ ಕೈ ಹಿಡಿದು ಬಿಟ್ಟುಬಂದ. ಬಂದು ಬಹಳ ಹೊತ್ತು ಕೆಲಸ ಮಾಡಲಿಲ್ಲ.

ಲೇತಿನ ಕಿರಚಾಟ, ತಗಡಿನ ಬಡಿತ, ಅವುಗಳ ನಡುವೆ ಒಬ್ಬ ಮನುಷ್ಯನ ದನಿ ಅರ್ಧ ಸ್ವರ ಏರಿದ್ದನ್ನು ಹಿಡಿದ ಕಿವಿ ಅದು. ಅವಳಿಗೂ ಅದು ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಮಠದಲ್ಲಿ ಅವಳು ಮಾಡುತ್ತಿದ್ದ ಸೋಮವಾರದ ವಾಚನಕ್ಕೆ ಈಗ ಬೇರೆ ಯಾರೋ ಕೂರುತ್ತಾರಂತೆ. ಶ್ರುತಿ ತಪ್ಪಿ ಹಾಡಿ ದೇವರಿಗೆ ಅಪಚಾರವಾಗುವುದು ಬೇಡ ಎಂದು ಅವಳೇ ಬಿಟ್ಟಳು ಎಂದು ಮೌಲಾಲಿ ಯಾರಿಗೋ ಹೇಳಿದ.

ನನ್ನ ಹೊಟ್ಟೆಯ ತಾಮ್ರಕ್ಕಾಗಿ ಗುಜರಿಯವನು ಬಂದು ನೋಡಿ ಹೋಗಿದ್ದಾನೆ. ಒಯ್ಯಲಿ. ಚಿತ್ರಾನ್ನದಿಂದ ಹಿಡಿದು ಸಾವಿನ ಸುದ್ದಿಯವರೆಗೆ, ಯಾರು ಕೊಟ್ಟದ್ದನ್ನೂ ತಡೆಯದೆ ದಾಟಿಸಿದ್ದೇನೆ. ಈಗ ನನ್ನಲ್ಲಿ ಒಂದು ಮಾತು ಉಳಿದುಬಿಟ್ಟಿದೆ, ದಾಟಿಸಲು ಲೈನಿಲ್ಲ. ಓದುವವರೇ, ನೀವು ಗೋಕುಲ ರಸ್ತೆಯ ಕಡೆ ಹೋದರೆ, ಮಡಚುವ ಕೋಲು ಹಿಡಿದ ಒಬ್ಬ ಹೆಂಗಸು ರಸ್ತೆಯಂಚಿನಲ್ಲಿ ನಿಂತು ಬೆರಳಿನಿಂದ ಕೊಡೆಯ ಹಿಡಿಯನ್ನು ತಟ್ಟಿ ತಟ್ಟಿ ಕೇಳಿಸಿಕೊಳ್ಳುತ್ತಿದ್ದರೆ, ಸ್ವಲ್ಪ ನಿಲ್ಲಿ. ಅವಳ ಕಿವಿ ಸರಿಯಾಗಿದೆ. ಇದನ್ನು ಅವಳಿಗೆ ಯಾರಾದರೂ ಹೇಳಬೇಕು.