ಪೊನ್ಮುಡಿಗೆ ಒಂದು ಸೈಕಲ್

ಒಂದು ಸೈಕಲ್ ಆರಿಸಲಿಕ್ಕೆ ಮನುಷ್ಯನಿಗೆ ಮೂರು ವಾರ ಬೇಕೇ? ಚಂದ್ರಹಾಸನಿಗೆ ಬೇಕಾಯಿತು. ಕುಂಬಳೆಯಿಂದ ಕೊಚ್ಚಿಗೆ ಬಂದು, ವಿಲ್ಲಿಂಗ್ಡನ್ ಐಲ್ಯಾಂಡಿನ ಕ್ಲಿಯರಿಂಗ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಕಾಗದ ನೋಡಿ ನೋಡಿ ಹಣ್ಣಾದವನು ಅವನು. ಹಡಗಿನಲ್ಲಿ ಕಂಟೇನರ್ ಬಂದರೆ ಕಳಿಸಿದವನ ಬಿಲ್ಲು ಏನು ಹೇಳುತ್ತದೆ, ಪ್ಯಾಕಿಂಗ್ ಪಟ್ಟಿ ಏನು ಹೇಳುತ್ತದೆ, ಹಡಗಿನವರ ಚೀಟಿ ಏನು ಹೇಳುತ್ತದೆ ಎಂದು ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಅವನ ಕೆಲಸ. ಮೂರೂ ಒಂದೇ ಮಾತು ಹೇಳಿದರೆ ಕಂಟೇನರ್ ಸಲೀಸಾಗಿ ಹೊರಗೆ ಹೋಗುತ್ತದೆ. ತಾಳೆಯಾಗದಿದ್ದರೆ ಕಸ್ಟಮ್ಸಿನವರು ತೆಗೆಸಿ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಚಂದ್ರಹಾಸ ತನ್ನ ಕೈಯಾರೆ ಒಂದು ಪೆಟ್ಟಿಗೆಯನ್ನೂ ಬಿಚ್ಚಿದವನಲ್ಲ. ಕಾಗದ ಸರಿಯಿದ್ದರೆ ಸಾಮಾನೂ ಸರಿ ಎಂದೇ ಅವನ ನಂಬಿಕೆ.

ಅವನ ತಂಗಿ ಕೃತಿ ತಿರುವನಂತಪುರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡ ಮೇಲೆ ಶಾಲೆಯ ಚೀಲದಿಂದ ಹಿಡಿದು ಹಾಸ್ಟೆಲಿನ ಬಕೆಟಿನವರೆಗೆ ಅಣ್ಣನೇ ಆರಿಸಿ ಕೊಡಬೇಕು. ಕಾಲೇಜಿನ ಸೈಕಲ್ ತಂಡಕ್ಕೆ ಆಯ್ಕೆ ಹತ್ತಿರ ಬಂದಿತ್ತು. ಪೊನ್ಮುಡಿ ಬೆಟ್ಟ ಹತ್ತಿ ಇಳಿಯಬೇಕು, ಇಪ್ಪತ್ತೆರಡು ಕಡಿದಾದ ತಿರುವು. ಇಷ್ಟು ದಿನ ಗೆಳತಿ ಮೇಧಾಳ ಸೈಕಲ್ಲಿನಲ್ಲೇ ಅಭ್ಯಾಸ ನಡೆದಿತ್ತು. ಈಗ ಮೇಧಾಳೂ ಆಯ್ಕೆಗೆ ನಿಂತದ್ದರಿಂದ ಇವಳಿಗೆ ಸ್ವಂತದ್ದೊಂದು ಬೇಕಾಯಿತು.

"ಅಣ್ಣ, ನನಗೊಂದು ಮೌಂಟನ್ ಬೈಕ್ ಬೇಕು," ಎಂದಳು ಫೋನಿನಲ್ಲಿ. "ಯಾವುದು ಅಂತ ನನ್ನ ಹತ್ರ ಕೇಳ್ಬೇಡ. ನೀನು ನೋಡಿ ತೆಗೆದದ್ದು ಅಂದ್ರೆ ಮತ್ತೆ ನೋಡ್ಲಿಕ್ಕಿಲ್ಲ."

ಆ ಮಾತಿಗೆ ಉಬ್ಬಿಹೋದ ಚಂದ್ರಹಾಸ ಅಂದೇ ಮೊಬೈಲಿನಲ್ಲಿ ರಿವ್ಯೂ ಓದಲು ಕುಳಿತ. ಕುಳಿತದ್ದೇ ತಪ್ಪಾಯಿತು.

ಮೊದಲ ಸೈಕಲ್ಲಿಗೆ ಒಬ್ಬ 'ಗೇರು ಅದ್ಭುತ' ಎಂದಿದ್ದ. ಅದರ ಕೆಳಗೇ ಇನ್ನೊಬ್ಬ, 'ಎರಡನೇ ದಿನಕ್ಕೇ ಗೇರು ಕಿತ್ತು ಕೈಗೆ ಬಂತು.' ಒಬ್ಬನಿಗೆ ಹಗುರ, ಮತ್ತೊಬ್ಬನಿಗೆ ಎತ್ತಲಾಗದ ಭಾರ. ಅದೇ ಸೈಕಲ್ಲು ಸ್ವಾಮಿ, ಅದೇ ಬಣ್ಣ! ಒಬ್ಬ ಪುಣ್ಯಾತ್ಮ ಐದು ನಕ್ಷತ್ರ ಕೊಟ್ಟು, 'ಇನ್ನೂ ಡಬ್ಬ ಬಿಚ್ಚಿಲ್ಲ, ನೋಡಲು ಚೆನ್ನಾಗಿದೆ' ಎಂದು ಬರೆದಿದ್ದ. ಬಿಚ್ಚದೆ ಅದೇನು ನೋಡಿದನೋ. ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟದ್ದು ಕೊರಿಯರಿನವನು ಬೆಲ್ ಒತ್ತಲಿಲ್ಲ ಎಂಬ ಸಿಟ್ಟಿಗೆ. ವಿಡಿಯೊ ಮಾಡುವ ಗಡ್ಡದವನೊಬ್ಬ ಮಾರ್ಚಿನಲ್ಲಿ 'ಕಣ್ಣು ಮುಚ್ಚಿ ತಗೊಳ್ಳಿ' ಎಂದವನು, ಜೂನಿನಲ್ಲಿ ಅದೇ ಸೈಕಲ್ಲಿನ ಪಕ್ಕ ನಿಂತು 'ಈ ತಪ್ಪು ಮಾಡಬೇಡಿ' ಎಂದ. ಇವರ ಬಾಯಿಗೆ ಬೀಗವಿಲ್ಲವೇ ಎಂದು ಚಂದ್ರಹಾಸ ಹಲ್ಲು ಕಡಿದ.

ಅಂಗಡಿಗೇ ಹೋಗಿ ಕೇಳುವ ಎಂದು ಒಂದು ಭಾನುವಾರ ಎಡಪ್ಪಳ್ಳಿಗೆ ಹೋದ. ಬೆಟ್ಟ ಇಳಿಯುವಾಗ ಇದರ ಬ್ರೇಕ್ ಹೇಗೆ ಎಂದು ಕೇಳಿದರೆ, ಅಂಗಡಿಯವನು ಜೇಬಿನಿಂದ ಮೊಬೈಲ್ ತೆಗೆದು ರಿವ್ಯೂ ಹುಡುಕಿ ಓದಿ ಹೇಳಿದ. ಚಂದ್ರಹಾಸ ಅದನ್ನು ಗುರುವಾರವೇ ಓದಿಯಾಗಿತ್ತು.

ಆಫೀಸಿನಲ್ಲಿ ಪಕ್ಕದ ಮೇಜಿನ ವಿಲ್ಸನ್ ಮಂಗಳೂರಿನವನು, ದಿನಾ ವಲ್ಲಾರ್ಪಾಡಂನಿಂದ ಸೈಕಲ್ಲಿನಲ್ಲೇ ಬರುವವನು. ಅವನ ಸೈಕಲ್ಲಿನ ರಿವ್ಯೂ ಓದುವಾಗ ಅವನದೇ ಹೆಸರು ಕಂಡಿತು: 'ಬೆಟ್ಟ ಹತ್ತಲು ಏ-ಒನ್.'

"ನೀನು ಯಾವ ಬೆಟ್ಟ ಹತ್ತಿದ್ದು ಮಾರಾಯ?"

"ಬೆಟ್ಟ ಎಲ್ಲುಂಟು ಚಂದ್ರಣ್ಣ ಕೊಚ್ಚಿಯಲ್ಲಿ? ಸೇತುವೆ ಹತ್ತುದಿಲ್ವಾ ದಿನಾ? ಅದೇ ಬೆಟ್ಟ," ಎಂದು ವಿಲ್ಸನ್ ನಗಾಡಿದ.

ಚಂದ್ರಹಾಸನಿಗೆ ನಗು ಬರಲಿಲ್ಲ. ಕಂಪ್ಯೂಟರಿನಲ್ಲಿ ಪಟ್ಟಿ ಹಾಕಿದ. ಅಡ್ಡಕ್ಕೆ ಸೈಕಲ್ಲು, ಉದ್ದಕ್ಕೆ ಬ್ರೇಕು, ಗೇರು, ಚಕ್ರ. ದಿನಾ ಸಂಜೆ ತಂಗಿಗೆ ಫೋನ್ ಮಾಡಿ ಅಂದು ಓದಿದ್ದನ್ನೆಲ್ಲ ಒಪ್ಪಿಸಿದ. ಅವಳು ಹೂಂಗುಟ್ಟಿದಳು. ಅಳೆದೂ ಸುರಿದೂ ಮೂರನೇ ವಾರ ಒಂದು ಕೆಂಪು ಸೈಕಲ್ ಸಿಕ್ಕಿತು. ನಲವತ್ತು ಜನ ಬರೆದಿದ್ದರು, ನಲವತ್ತೂ ಜನರದ್ದು ಒಂದೇ ಮಾತು: ಬ್ರೇಕ್ ಭದ್ರ, ಗೇರು ಸಲೀಸು, ಐದು ನಕ್ಷತ್ರ. ಎಲ್ಲ ಕಾಗದ ತಾಳೆಯಾದ ಕಂಟೇನರ್ ಕಂಡಷ್ಟು ಸಮಾಧಾನವಾಯಿತು ಅವನಿಗೆ. ಅಯ್ಯೋ ಬೆಪ್ಪೇ! ಒಂದು ಮನೆಯ ನಾಲ್ಕು ಜನ ಸಾರಿನ ಉಪ್ಪಿನ ಬಗ್ಗೆ ಒಂದೇ ಮಾತು ಹೇಳುವುದಿಲ್ಲ, ನಲವತ್ತು ಜನ ಹೇಳುತ್ತಾರೆಯೇ? ಅದು ಹೊಳೆಯಲಿಲ್ಲ. ತಿರುವನಂತಪುರದ ವಿಳಾಸಕ್ಕೆ ಆರ್ಡರ್ ಹಾಕಿದ.

ಸೋಮವಾರ ಸೈಕಲ್ ತಲುಪಿತು. "ಸೂಪರ್ ಉಂಟು ಅಣ್ಣ," ಎಂದಳು ಕೃತಿ.

"ಹಾಗಾದ್ರೆ ನೀನೂ ಒಂದು ರಿವ್ಯೂ ಬರಿ," ಎಂದ ಚಂದ್ರಹಾಸ. "ಒಬ್ರಾದ್ರೂ ಸರಿಯಾಗಿ ಬರೀಬೇಕಲ್ಲ. ನನ್ನ ಹಾಗೆ ತಲೆ ಕೆಡಿಸಿಕೊಳ್ಳುವವರು ಎಷ್ಟು ಜನ ಉಂಟೋ."

ಮಂಗಳವಾರವೂ ಕೇಳಿದ, ಬರೆದಿಯಾ? ಬುಧವಾರವೂ ಕೇಳಿದ. ಬರೆದೆ ಎಂದಳು.

ಭಾನುವಾರ ಆಯ್ಕೆ. ತಂಗಿ ಬೆಟ್ಟ ಹತ್ತುವುದನ್ನು ನೋಡಲೇಬೇಕೆಂದು ಚಂದ್ರಹಾಸ ಶನಿವಾರ ಬೆಳಗ್ಗೆ ಎರ್ನಾಕುಳಂನಲ್ಲಿ ರೈಲು ಹತ್ತಿದ. ಕಾಯಂಕುಳಂ ದಾಟಿದ ಮೇಲೆ ಚಹಾ ಕುಡಿಯುತ್ತ, ತಂಗಿ ಏನು ಬರೆದಿದ್ದಾಳೆ ನೋಡುವ ಎಂದು ಮೊಬೈಲ್ ತೆಗೆದ. ಎಲ್ಲಕ್ಕಿಂತ ಮೇಲೆ ಅವಳದೇ ಇತ್ತು. ಐದು ನಕ್ಷತ್ರ. 'ನನ್ನ ಅಣ್ಣ ಆರಿಸಿ ಕೊಡಿಸಿದ್ದು. ಪೊನ್ಮುಡಿಯ ಇಪ್ಪತ್ತೆರಡು ತಿರುವು ಇಳಿದೆ. ಬ್ರೇಕ್ ಎಲ್ಲಿ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಧೈರ್ಯವಾಗಿ ತಗೊಳ್ಳಿ.'

ಎಷ್ಟು ಚಂದ ಬರೆದಿದ್ದಾಳೆ ಎಂದು ಎದೆ ತುಂಬಿ ಬಂತು. ಎರಡನೇ ಸಲ ಓದಿದ. ಆಮೇಲೆ ಅಭ್ಯಾಸಬಲದಿಂದ ಕಣ್ಣು ತಾರೀಕಿನ ಮೇಲೆ ಹೋಯಿತು. ಬುಧವಾರ.

ಪೊನ್ಮುಡಿಗೆ ಅವಳು ಮೊದಲ ಸಲ ಹೋಗುವುದೇ ನಾಳೆ. ಬುಧವಾರವೇ ಇಳಿದದ್ದು ಹೇಗೆ?

ಚಹಾ ಹಾಗೇ ಆರಿತು. ಫೋನ್ ಮಾಡಿದರೆ ಮತ್ತೆ 'ಸೂಪರ್' ಎನ್ನುತ್ತಾಳೆ ಎಂದು ಮಾಡಲಿಲ್ಲ. ಕೊಲ್ಲಂ ಬರುವಷ್ಟರಲ್ಲಿ ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹಾಸ್ಟೆಲಿನ ಎದುರಿನ ರಸ್ತೆ ಒಳ್ಳೆಯ ಇಳಿಜಾರು. ಕೃತಿ ನಗುತ್ತ ಗೇಟಿಗೆ ಬಂದಳು. ಚಂದ್ರಹಾಸ ಊಟ ಆಯಿತಾ ಎಂದೂ ಕೇಳದೆ, "ಸೈಕಲ್ ತಾ," ಎಂದ.

"ಈಗ ಎಂತಕ್ಕೆ ಅಣ್ಣ? ಬಿಸಿಲು."

"ತಾ ಅಂದೆ."

ತಂದಳು. ಅವನು ಹತ್ತಿ ಕೂತು ಇಳಿಜಾರಿಗೆ ಬಿಟ್ಟ. ಹತ್ತು ಮಾರು ಹೋಗಿ ಬ್ರೇಕ್ ಹಿಡಿದ. ಎರಡೂ ಹಿಡಿ ಹ್ಯಾಂಡಲ್ಲಿಗೆ ಅಂಟುವಷ್ಟು ಒಳಗೆ ಬಂದವು. ಸೈಕಲ್ ಮಾತ್ರ ಕೇಳಲಿಲ್ಲ. ಹಿಂದಿನಿಂದ "ಕಾಲು ಕೊಡು, ಕಾಲು ಕೊಡು!" ಎಂದು ಕೃತಿ ಕಿರುಚಿದಳು. ಚಪ್ಪಲಿ ಸವೆಸಿಕೊಂಡು, ಕೊನೆಗೆ ಪಕ್ಕದ ಕಾಂಪೌಂಡಿನ ಗೋಡೆಗೆ ಗುದ್ದಿ ನಿಂತ. ಮೊಣಕೈ ತರಚಿತು.

ಅವಳು ಓಡಿ ಬಂದಳು. ಕಾಲು ಕೊಡಬೇಕೆಂದು ಅವಳಿಗೆ ಗೊತ್ತಿತ್ತು.

"ಯಾವತ್ತಿಂದ ಹೀಗೆ?"

"ಬಂದ ದಿವಸದಿಂದ." ಅವಳು ಅವನ ಮೊಣಕೈ ನೋಡುತ್ತಿದ್ದಳು, ಮುಖ ನೋಡಲಿಲ್ಲ. "ಇಲ್ಲಿಯ ಸೈಕಲ್ ಅಂಗಡಿಯವರು ಮೂರು ಸಲ ಬಿಗಿ ಮಾಡಿದ್ರು. ಇದು ಆಗುದಿಲ್ಲ, ಪೂರಾ ಬದಲಿಸ್ಬೇಕು ಅಂದ್ರು."

"ಇದರಲ್ಲಿ ನಾಳೆ ಬೆಟ್ಟ ಇಳೀತಿದ್ದಿಯಾ? ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ಸತ್ರೆ?"

"ನಿಧಾನ ಇಳಿಯುವ ಅಂತ ಇದ್ದೆ." ಅವಳ ಕಣ್ಣು ತುಂಬಿತು. "ನಾನು ಹ್ಯಾಗೆ ಹೇಳುದಣ್ಣ? ಮೂರು ವಾರ ದಿನಾ ಫೋನ್ ಮಾಡಿ ಓದಿ ಹೇಳಿದ್ದಿ. ಕಡೆಗೆ ಸಿಕ್ಕಿತು ಅಂದಾಗ ನಿನ್ನ ಸ್ವರ ನೀನೇ ಕೇಳಿದ್ರೆ ಗೊತ್ತಾಗ್ತಿತ್ತು. ಆಮೇಲೆ ರಿವ್ಯೂ ಬರೆದಿಯಾ, ರಿವ್ಯೂ ಬರೆದಿಯಾ ಅಂತ. ನೀನು ಓದ್ತಿ ಅಂತ ಗೊತ್ತಿತ್ತು. ನಿನಗೋಸ್ಕರ ಬರೆದೆ."

ಚಂದ್ರಹಾಸ ಸೈಕಲ್ಲನ್ನು ಗೋಡೆಗೆ ಒರಗಿಸಿದ. ಇಷ್ಟು ದಿನ ಸುಳ್ಳು ಬರೆಯುವವರಿಗೆಲ್ಲ ಹಿಡಿಶಾಪ ಹಾಕಿದ್ದ. ಇಲ್ಲಿ ಅವನೇ ಕಾಡಿ ಬೇಡಿ ಒಂದು ಸುಳ್ಳು ಬರೆಸಿದ್ದ.

ಅಲ್ಲೇ ನಿಂತು ಅವಳು ತಂಡದ ತರಬೇತುದಾರರಿಗೆ ಫೋನ್ ಮಾಡಿದಳು. ನಾಳೆ ಬರುವುದಿಲ್ಲ, ಸೈಕಲ್ ಸರಿಯಿಲ್ಲ ಎಂದಳು. ಮುಂದಿನ ಆಯ್ಕೆ ಬರುವ ವರ್ಷ, ಅಷ್ಟರಲ್ಲಿ ಅವಳ ಓದೇ ಮುಗಿದಿರುತ್ತದೆ. ಚಂದ್ರಹಾಸ ಅದನ್ನು ಕೇಳಿಸಿಕೊಂಡ. ಹುಡುಗಿ ಜೀವಂತ ಎದುರಿಗಿದ್ದಾಳಲ್ಲ, ಅದು ಸಾಕು ಅನ್ನಿಸಿತು.

"ಮೊದಲು ಆ ರಿವ್ಯೂ ತೆಗಿ," ಎಂದ.

ಇಬ್ಬರೂ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತರು. ಕೃತಿ ಮೊಬೈಲ್ ತೆಗೆದಳು. ಅಳಿಸುವ ಜಾಗ ಹುಡುಕುತ್ತ ಬೆರಳು ಕೆಳಗೆ ಸರಿಸಿದವಳು ತಟ್ಟನೆ ತಡೆದಳು. ಅವಳ ಮಾತಿಗೆ ಯಾರೋ ಉತ್ತರ ಬರೆದಿದ್ದರು. ಕಟ್ಟಪ್ಪನ ಎಂಬ ಬೆಟ್ಟದ ಮೇಲಿನ ಊರಿನ ಶಶಿಧರನ್ ಎಂದು ಹೆಸರು, ನಿನ್ನೆಯ ತಾರೀಕು. ಅವಳು ಓದಿದಳು.

'ಮಗೂ, ಒಂದು ತಿಂಗಳಿಂದ ಓದಿ ಓದಿ ಸಾಕಾಗಿತ್ತು. ನಿನ್ನದೊಂದೇ ನಿಜವಾಗಿ ಓಡಿಸಿ ಬರೆದ ಹಾಗೆ ಕಂಡಿತು. ನಮ್ಮ ಮನೆ ಬೆಟ್ಟದ ತುದಿಯಲ್ಲಿ. ಮಗಳಿಗೆ ಶಾಲೆಗೆ ಹೋಗಲು ಅದನ್ನೇ ತರಿಸಿದೆ. ಇವತ್ತು ಬಂತು.'

ಫೋನ್ ನಂಬರ್ ಇರಲಿಲ್ಲ. ಕೃತಿ ಅದರ ಕೆಳಗೆ, 'ಬ್ರೇಕ್ ಹಿಡಿಯುವುದಿಲ್ಲ, ನಾನು ಬರೆದದ್ದು ಸುಳ್ಳು, ದಯವಿಟ್ಟು ಮಗಳನ್ನು ಹತ್ತಿಸಬೇಡಿ' ಎಂದು ಬರೆದು ಕಳಿಸಿದಳು. ಪರಿಶೀಲನೆಯಾದ ಮೇಲೆ ಪ್ರಕಟವಾಗುತ್ತದೆ, ವಾರಾಂತ್ಯವಾದ್ದರಿಂದ ಎರಡು ದಿನ ಹಿಡಿಯಬಹುದು ಎಂದು ತೋರಿಸಿತು.

"ಸೋಮವಾರ ಶಾಲೆ ಉಂಟಲ್ಲ ಅಣ್ಣ," ಎಂದಳು.

ಚಂದ್ರಹಾಸ ಎದ್ದು, ಕಟ್ಟಪ್ಪನಕ್ಕೆ ಬಸ್ಸು ಎಷ್ಟು ಹೊತ್ತಿಗೆಂದು ಗೇಟಿನ ಕಾವಲುಗಾರನನ್ನು ಕೇಳಲು ಹೋದ.