ಲಿಂಗಿಯ ಎಡಗೈ

ಕಾಳನಿಗೆ ಮಗಳ ಮುಖ ಮರೆತುಹೋಗಿತ್ತು. ಇದನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟು ಹೇಳುವಂಥ ಮಾತೇ ಅದು? ಹದಿನೇಳು ವರ್ಷ ಕಣ್ಣೆದುರು ಓಡಾಡಿದ ಮಗಳು. ಸತ್ತು ಹತ್ತು ವರ್ಷವಾಗಿದೆ, ಮೂಗು ಹೇಗಿತ್ತು, ಗಲ್ಲ ಹೇಗಿತ್ತು ಎಂದರೆ ಬರೀ ಮಂಜು. ಅದೇ ಅವನ ಅಪ್ಪನ ಕಾಲದ ಎಮ್ಮೆಯ ಯಾವ ಕೊಂಬು ಮುರಿದಿತ್ತು ಎಂದು ಕೇಳಿ, ಥಟ್ಟನೆ ಹೇಳುತ್ತಾನೆ. ನೆನಪು ಅನ್ನುವುದಕ್ಕೆ ನಾಚಿಕೆಯೂ ಇಲ್ಲ, ನ್ಯಾಯವೂ ಇಲ್ಲ.

ಉಳಿದಿದ್ದದ್ದು ಒಂದೇ, ಅವಳ ಎಡಗೈ. ಲಿಂಗಿ ಎಡಚಿ. ಸೌದೆ ಒಡೆಯುವುದು, ಸೊಪ್ಪು ಕೊಯ್ಯುವುದು ಎಲ್ಲ ಎಡಗೈಯಲ್ಲೇ. ಅದೆಲ್ಲ ಹಾಳಾಗಲಿ ಎನ್ನಬಹುದು, ಊಟಕ್ಕೆ ಇಕ್ಕುವಾಗಲೂ ಸೌಟು ಎಡಗೈಗೇ ಹೋಗುತ್ತಿತ್ತು. ನೆಂಟರ ಮುಂದೆ ಕಾಳನ ಮಾನ ಹೋಗುತ್ತಿತ್ತು. ಬೆತ್ತದಲ್ಲಿ ಆ ಕೈಗೆ ಬಾರಿಸಿದ್ದ. ಒಂದೇ ಸಲ ಎಂದು ಕಾಳನ ಲೆಕ್ಕ. ದಿನಾ ಹೊಡೆಯುತ್ತಿದ್ದ ಎಂದು ಹೆಂಡತಿ ಹಾಲಿಯ ಲೆಕ್ಕ. ಒಂದೇ ಮನೆ, ಒಂದೇ ಬೆತ್ತ, ಇಬ್ಬರಿಗೂ ಬೇರೆ ಬೇರೆ ನೆನಪು.

ವಿಷಜ್ವರದ ವರ್ಷ ಕೀಳ್ ಕೋತಗಿರಿಯ ಸುತ್ತಿನ ಹಟ್ಟಿಗಳಲ್ಲಿ ಹೆಣ ಹೊರಲು ಜನ ಇರಲಿಲ್ಲ. ಸತ್ತವರ ಪಾಪಗಳನ್ನು ಹಿರಿಯನೊಬ್ಬ ಒಂದೊಂದಾಗಿ ಹೇಳಬೇಕು, ಸುತ್ತ ನಿಂತವರೆಲ್ಲ ಒಂದೇ ದನಿಯಲ್ಲಿ 'ಪಾಪ' ಎನ್ನಬೇಕು, ಆಗ ಸತ್ತವರ ಭಾರ ಇಳಿಯುತ್ತದೆ. ಅದು ಅಜ್ಜಂದಿರಿಂದ ಬಂದ ಕ್ರಮ. ಲಿಂಗಿ ಸತ್ತ ದಿನ ಹೇಳುವ ಹಿರಿಯನೇ ಜ್ವರದಲ್ಲಿ ಮಲಗಿದ್ದ. ನಿಂತವರು ನಾಲ್ಕೇ ಜನ. ಕಾಳನೇ ಹೇಳಬೇಕಾಯಿತು. ಗಡಿಕಲ್ಲು ಸರಿಸಿದ್ದು, ಹಾವು ಕೊಂದದ್ದು ಎಂಬ ಹಳೆಯ ಪಟ್ಟಿ ಆ ಹುಡುಗಿಗೆ ಎಲ್ಲಿ ಒಪ್ಪುತ್ತದೆ? ನಾಲಗೆ ತಡವರಿಸಿತು. ಕೊನೆಗೆ ಬಾಯಿಗೆ ಬಂದದ್ದು ಇಷ್ಟು: "ಎಡಗೈಯಲ್ಲಿ ಅನ್ನ ಇಕ್ಕಿದಳು." ನಾಲ್ವರೂ 'ಪಾಪ' ಎಂದರು. ಆ ನಾಲ್ಕು ದನಿ ಕಾಳನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಮಲ್ಲಿ ಓಡಿಬಂದಳು. ಮಲ್ಲಿ ಪಕ್ಕದ ಹಟ್ಟಿಯ ಹುಡುಗಿ, ಟೀ ತೋಟದಲ್ಲಿ ಲಿಂಗಿಯ ಪಕ್ಕದ ಸಾಲಿನಲ್ಲೇ ಸೊಪ್ಪು ಕಿತ್ತವಳು. ಆಮೇಲೆ ಇದೇ ಹಟ್ಟಿಗೆ ಸೊಸೆಯಾಗಿ ಬಂದು ಈಗ ಮೂರು ಮಕ್ಕಳ ತಾಯಿ.

"ಅತ್ತೆ, ಕೋತಗಿರಿ ಸಂತೆಗೆ ಬಯಸ್ಕೋಪು ಬಂದದೆ. ಜ್ವರದ ವರ್ಷ ತೋಟದ ದೊರೆ ಮೂರು ಕಾಲಿನ ಪೆಟ್ಟಿಗೆ ಇಟ್ಟುಕೊಂಡು ನಮ್ಮ ಚಿತ್ರ ಹಿಡಿದಿರಲಿಲ್ಲವಾ, ಅದನ್ನೂ ತೋರಿಸ್ತಾರಂತೆ! ಲಿಂಗಿಯೂ ಇರ್ತಾಳೆ!"

ಹಾಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಗಂಡನ ಕಡೆ ನೋಡದೆ ಹೇಳಿದಳು.

"ಎನಗೆ ಅವಳ ಮುಖ ಮರೆತುಹೋಗಿದೆ, ಲಿಂಗಿ ಅಪ್ಪಾ. ಒಂದು ಸಲ ನೋಡಿಬಿಟ್ಟರೆ ಸಾಕು."

ತಾನೊಬ್ಬನೇ ಪಾಪಿ ಎಂದುಕೊಂಡಿದ್ದ ಕಾಳನ ಬಾಯಲ್ಲಿ ಬಂದದ್ದು ಬೈಗುಳವೇ. "ಹೆತ್ತವಳಿಗೆ ಮುಖ ಮರೆತುಹೋಗ್ತದಾ? ಹೇಳೋಕೆ ನಾಚಿಕೆ ಇಲ್ಲೆ ನಿನಗೆ?"

ಮಾರನೆಯ ದಿನ ಆಲೂಗಡ್ಡೆ ಅಗೆಯುವುದನ್ನು ಮಗ ನಂಜನಿಗೆ ಬಿಟ್ಟು ಕಾಳ, ಹಾಲಿ, ಮಲ್ಲಿ ಮೂವರೂ ಹೊರಟರು. ಹತ್ತು ಮೈಲಿ ಏರುದಾರಿ. ಹಾಲಿ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಬಿಳಿ ಬಟ್ಟೆಯನ್ನು ತಲೆಗೆ ಕಟ್ಟಿದ್ದಳು, ಮಗಳನ್ನು ಗಂಡನ ಮನೆಯಲ್ಲಿ ನೋಡಲು ಹೊರಟವಳ ಹಾಗೆ.

ಸಂತೆಯ ತಗಡಿನ ಕೊಟ್ಟಿಗೆಯ ಕಿಟಕಿಗೆಲ್ಲ ಕರಿ ಕಂಬಳಿ ಹೊದಿಸಿ ಮಧ್ಯಾಹ್ನದ ಆಟ. ಹೊರಗೆ ಎಂಜಿನ್ನು ಕೆಮ್ಮುತ್ತಿತ್ತು. ಬಯಸ್ಕೋಪಿನ ಯಜಮಾನ ರಂಗನಾಥನ್ ಎಂಬ ಕೊಯಮತ್ತೂರಿನವನು. ಮೈಸೂರು ಸೀಮೆಯಲ್ಲೆಲ್ಲ ಸುತ್ತಿ ಕನ್ನಡ ಕಲಿತಿದ್ದ. ಚಿತ್ರದ ಬೊಂಬೆಗಳಿಗೆ ಮಾತಿಲ್ಲವಲ್ಲ, ಪರದೆಯ ಪಕ್ಕ ಕೋಲು ಹಿಡಿದು ನಿಂತು ಕತೆಯೆಲ್ಲ ಇವನೇ ಅರಚಿ ಹೇಳುತ್ತಿದ್ದ.

ಮೊದಲು ಒಂದು ರಾಜನ ಕತೆ. ಸೆರೆಮನೆಯಲ್ಲಿದ್ದ ರಾಜಕುಮಾರ ಹಣೆಗೆ ಕೈಯೊತ್ತಿ ಮೇಲೆ ನೋಡಿದ. ಪರದೆಯ ತುಂಬ ಹೊಗೆ ಎದ್ದಿತು.

"ಈಗ ರಾಜಕುಮಾರನಿಗೆ ನೆನಪು ಬರ್ತಾ ಇದೆ! ನೋಡಿ ಸಾಮಿ, ನೋಡಿ!"

ಹೊಗೆ ಕರಗಿದಾಗ ಅರಮನೆ, ಉಯ್ಯಾಲೆ, ತಾಯಿ, ತಾಯಿಯ ಮೂಗುತಿ, ಎಲ್ಲ ಇದ್ದಲ್ಲೇ ಇದ್ದವು. ತಾಯಿಯ ತೊಡೆಯ ಮೇಲೆ ಮಗುವಾಗಿದ್ದ ರಾಜಕುಮಾರನೂ ಇದ್ದ. ಕೊಟ್ಟಿಗೆಯ ಜನ ಬಿಕ್ಕಿದರು. ಕಾಳನಿಗೆ ಮೈ ಉರಿಯಿತು. ಅಲ್ಲ, ತನ್ನ ನೆನಪಿನಲ್ಲಿ ತಾನೇ ಎದುರಿಗೆ ಹೇಗೆ ಕೂತಾನು? ಅದನ್ನು ಯಾರ ಕಣ್ಣಿನಿಂದ ನೋಡಿದ್ದು? ಹಣೆ ಒತ್ತಿದ ಕೂಡಲೇ ನೆನಪು ಬರುವುದಕ್ಕೆ ಅದೇನು ಕರೆದರೆ ಬರುವ ನಾಯಿಯೇ? ಅವನೂ ಕತ್ತಲಲ್ಲಿ ಯಾರಿಗೂ ಕಾಣದಂತೆ ಹಣೆಗೆ ಕೈಯೊತ್ತಿ ನೋಡಿದ. ಹೊಗೆ ಬಂತು. ಹೊಗೆಯೇ ಉಳಿಯಿತು. ಅದರೊಳಗಿಂದ ಒಂದು ಎಡಗೈ, ಅದರ ಮೇಲೆ ಕೆಂಪು ಬಾಸುಂಡೆ. ಅಷ್ಟೆ.

"ಮೋಸ!" ಎಂದ ಗಟ್ಟಿಯಾಗಿ.

"ಸುಮ್ಮನೆ ಕೂರಯ್ಯಾ, ನಿನ್ನ ತಲೆ ಅಡ್ಡ ಬರ್ತದೆ," ಎಂದು ಹಿಂದಿನಿಂದ ಯಾರೋ ಗದರಿದರು.

ರಾಜನ ಕತೆ ಮುಗಿದ ಮೇಲೆ ತೋಟ ಬಂತು. ಚಿತ್ರ ಸ್ವಲ್ಪ ಮಸುಕು. ಇಳಿಜಾರಿನಲ್ಲಿ ಬಿಳಿ ಬಟ್ಟೆಯ ಹೆಂಗಸರ ಸಾಲು. ಎಲ್ಲರ ತಲೆಗೂ ಒಂದೇ ಥರ ಬಟ್ಟೆ, ಹಣೆಯ ಮೇಲೆ ಒಂದೇ ಥರ ಹಚ್ಚೆ. ಯಾರು ಯಾರೆಂದು ಯಾವ ದೇವರಿಗೆ ಗೊತ್ತು? ಅಷ್ಟರಲ್ಲಿ ಒಬ್ಬ ಹುಡುಗಿ ಮುಂದೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎಡಗೈಯನ್ನು ಹಣೆಗೆ ಮರೆ ಹಿಡಿದು ನಕ್ಕಳು. ಅದೇ ಎಡಗೈಯಲ್ಲಿ ಸೊಪ್ಪನ್ನು ಭುಜದ ಮೇಲಿಂದ ಬುಟ್ಟಿಗೆ ಎಸೆದಳು.

"ಎನ್ನ ಲಿಂಗಿ!" ಹಾಲಿ ಎದ್ದು ನಿಂತಳು. "ಎಡಗೈ ನೋಡಿ, ಲಿಂಗಿ ಅಪ್ಪಾ, ಎಡಗೈ!"

ಕಾಳನ ಕಣ್ಣಲ್ಲೂ ನೀರು ಬಂತು. ಹೌದು, ಇದೇ ಮೂಗು. ಇದೇ ಗಲ್ಲ. ಇಷ್ಟು ಚೆನ್ನಾಗಿ ಗೊತ್ತಿದ್ದ ಮುಖವನ್ನು ಹೇಗೆ ಮರೆತೆ? ಹತ್ತು ವರ್ಷ ಹೊತ್ತ ಕಲ್ಲು ಎದೆಯಿಂದ ಇಳಿದಂತಾಯಿತು. ಅವಳು ನಗುತ್ತಿದ್ದಳು. ಕೈ ನೋಯುತ್ತಿದ್ದವಳು ಹಾಗೆ ನಗುತ್ತಾಳೆಯೇ?

ಆ ಸುಖ ಬಹಳ ಹೊತ್ತು ನಿಲ್ಲಲಿಲ್ಲ. ಹುಡುಗಿಯ ಹಿಂದೆ ಆನೆಯಂಥ ಬಂಡೆ ಕಾಣುತ್ತಿತ್ತು. ಆ ಬಂಡೆ ಇಳಿಜಾರಿನ ಎಡಕ್ಕಿರುವುದು, ಪರದೆಯಲ್ಲಿ ಬಲಕ್ಕಿತ್ತು. ಬಂಡೆ ಎದ್ದು ನಡೆಯಿತೇ? ಆಮೇಲೆ ತೋಟದ ಮೇಸ್ತ್ರಿ ಬಾಲಸುಬ್ರಮಣಿಯನ್ ಕುಂಟುತ್ತ ಬಂದ. ಅವನು ಜನ್ಮದಿಂದ ಎಡಗಾಲು ಕುಂಟ. ಪರದೆಯಲ್ಲಿ ಬಲಗಾಲು ಎಳೆಯುತ್ತಿದ್ದ.

ಕಾಳ ದಡ್ಡನಲ್ಲ. ಕ್ಷೌರದವನ ಕನ್ನಡಿಯಲ್ಲಿ ಎಡ ಬಲವಾಗುವುದನ್ನು ನೋಡಿದ್ದ. ಪರದೆಯ ಮೇಲೆ ಬಲ ಎಡವಾಗಿದೆ ಎಂದರೆ ಆ ಹುಡುಗಿಯ ಎಡಗೈ ಎಡಗೈಯಲ್ಲ. ಅವಳು ಎಡಚಿಯೇ ಅಲ್ಲ. ಮೆಲ್ಲಗೆ ತಿರುಗಿ ನೋಡಿದ. ಮಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಹೊರಗೆ ಬಂದ ಮೇಲೆ ಹಾಲಿ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ನಗುತ್ತಿದ್ದಳು. ಮಲ್ಲಿ ಕಾಳನ ಹತ್ತಿರ ಸರಿದಳು.

"ಮಾಮ, ಅದು ನಾನು. ಸೆರಗಲ್ಲಿ ತೂತಿತ್ತು, ಒಲೆ ಕಿಡಿ ಬಿದ್ದಿದ್ದು, ಅದರಿಂದಲೇ ಗುರುತು ಸಿಕ್ಕಿತು. ಲಿಂಗಿ ಎನ್ನ ಹಿಂದೆ ಬಗ್ಗಿ ಸೊಪ್ಪು ಕೀಳ್ತಾ ಇದ್ದಳು. ದೊರೆ ಕರೆದ್ರೂ ತಲೆ ಎತ್ತಲಿಲ್ಲೆ."

"ಯಾಕೆ ಎತ್ತಲಿಲ್ಲ?"

"ಎಡಗೈಯಲ್ಲಿ ಕೀಳೋದು ಪೆಟ್ಟಿಗೆಯಲ್ಲಿ ಬಿದ್ರೆ ಅಪ್ಪ ನೋಡಿಬಿಡ್ತಾನೆ ಅಂದಳು."

"ಇದನ್ನ ನಿನ್ನತ್ತೆ ಹತ್ರ ಉಸಿರಿದ್ರೆ ಹಲ್ಲು ಉದುರಿಸ್ತೀನಿ!" ಎಂದು ಗುಡುಗಿದ ಕಾಳ, ಮರುಗಳಿಗೆಯೇ ಅವಳ ಮುಂದೆ ಕೈ ಜೋಡಿಸಿದ. ತನಗಿಂತ ಕಿರಿಯವಳ ಮುಂದೆ ಅವನು ಕೈ ಜೋಡಿಸಿದ್ದು ಅದೇ ಮೊದಲು. ಮಲ್ಲಿ ಹೆದರಿ ಹಿಂದೆ ಸರಿದಳು.

ರಂಗನಾಥನ್ ಕೊಟ್ಟಿಗೆಯ ಮೂಲೆಯಲ್ಲಿ ಸುರುಳಿ ಸುತ್ತುತ್ತಿದ್ದ. ಚಿತ್ರ ಮಗುಚಿಲ್ಲ ಎಂದು ಅವನಾದರೂ ಹೇಳಲಿ ಎಂಬ ಆಸೆಯಿಂದಲೇ ಕಾಳ ಅವನ ಮೇಲೆ ಬಿದ್ದ.

"ಏನಯ್ಯಾ, ತೋಟವನ್ನ ಮಗುಚಿ ತೋರಿಸಿದ್ದೀಯಲ್ಲ?"

"ಯಾರು ಸಾಮಿ ಹೇಳಿದ್ದು?" ಎಂದು ನಕ್ಕ ರಂಗನಾಥನ್ ಸುರುಳಿಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ ನಾಲಗೆ ಕಚ್ಚಿಕೊಂಡ. "ಅಡ ರಾಮಾ! ತುಂಡಾಗಿತ್ತು, ಅಂಟಿಸುವಾಗ ಒಳಮೈ ಹೊರಗಾಗಿದೆ. ಅದಕ್ಕೇ ಮಸುಕಾಗಿದ್ದು. ಪರವಾಗಿಲ್ಲ, ನಾಳೆ ಆಟಕ್ಕೆ ಸರಿಮಾಡ್ತೀನಿ."

"ಬೇಡ."

"ಏನು ಬೇಡ?"

"ಸರಿಮಾಡಬೇಡ. ಹಾಗೇ ಇರಲಿ. ಎನ್ನ ಹೆಂಡತಿ ನಾಳೆಯೂ ನೋಡಬೇಕು ಅಂತಾಳೆ. ಅವಳು ನೋಡಿದ ಹಾಗೇ ಇರಬೇಕು."

ರಂಗನಾಥನ್ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ. "ನಾಳೆ ತೋಟದ ದೊರೆಯೇ ಬರ್ತಾರೆ ಸಾಮಿ. ಅವರ ತೋಟ ಅವರಿಗೆ ಗೊತ್ತಾಗಲ್ವಾ?"

ಕಾಳ ಬೈದ, ಕೂಗಾಡಿದ. ಕೊನೆಗೆ ನೆಲದ ಮೇಲೆ ಕುಕ್ಕರಿಸಿ ಎಲ್ಲವನ್ನೂ ಹೇಳಿದ, ಎಡಗೈ, ಬೆತ್ತ, ನಾಲ್ಕು ಜನರ 'ಪಾಪ'. ರಂಗನಾಥನ್ ಕತ್ತರಿ ತೆಗೆದು ಸುರುಳಿಯಿಂದ ಒಂದು ಗೇಣು ತುಂಡು ಕತ್ತರಿಸಿ ಕೊಟ್ಟ. "ಬೆಂಕಿ ಹತ್ರ ಇಡಬೇಡಿ, ಭಗ್ ಅಂತ ಹತ್ಕೊಳ್ಳುತ್ತೆ," ಎಂದ.

ತುಂಡನ್ನು ಕಾಳ ಬೆಳಕಿಗೆ ಹಿಡಿದ. ಉಗುರಿನಷ್ಟು ಚೌಕದಲ್ಲಿ ಹುಡುಗಿ. ಹೀಗೆ ಹಿಡಿದರೆ ಎಡಗೈ, ಲಿಂಗಿ. ಮಗುಚಿದರೆ ಬಲಗೈ, ಮಲ್ಲಿ. ಲಿಂಗಿಯಾಗುವ ಕಡೆಯಿಂದ ಹಿಡಿದು, ಅದರ ಒಂದು ಮೂಲೆಯನ್ನು ಹಲ್ಲಿನಿಂದ ಕಚ್ಚಿ ಗುರುತು ಮಾಡಿದ.

"ಬಯಸ್ಕೋಪು ನಾಳೆ ಕೊಯಮತ್ತೂರಿಗೆ ಹೋಗ್ತದಂತೆ," ಎಂದು ಹಾಲಿಗೆ ಸುಳ್ಳು ಹೇಳಿದ. "ಇದನ್ನ ಇಟ್ಟುಕೋ. ಕಚ್ಚಿದ ಮೂಲೆ ಯಾವಾಗಲೂ ಬಲಗೈ ಹೆಬ್ಬೆರಳ ಕೆಳಗೇ ಇರಬೇಕು. ತಪ್ಪಿದರೆ ಚಿತ್ರ ಅಳಿಸಿಹೋಗ್ತದೆ."

ಹಾಲಿ ಹೂಂ ಎಂದಳು. ಅಂದಿನಿಂದ ದಿನಾ ಬೆಳಗ್ಗೆ ಬಾಗಿಲ ಬಳಿ ಕೂತು, ಬಲಗೈ ಹೆಬ್ಬೆರಳನ್ನು ಕಚ್ಚಿದ ಮೂಲೆಗೆ ಒತ್ತಿ ನೋಡುತ್ತಾಳೆ. ಮೊದಮೊದಲು ಅಳುತ್ತಿದ್ದಳು. ಈಗ ಅಳುವುದಿಲ್ಲ.

"ಲಿಂಗಿ ಹಿಂದೆ ಎಳ್ಳುಕಾಳಿನಷ್ಟು ಬಿಳಿ ಕಾಣ್ತದಲ್ಲ," ಎಂದಳು ಒಂದು ದಿನ. "ಯಾರೋ ಬಗ್ಗಿದ್ದಾರೆ. ಯಾರದು?"

ಕಾಳ ಹಿತ್ತಲ ಕಡೆ ನೋಡಿದ. "ಮಲ್ಲಿ ಇರಬೇಕು."

"ಪಾಪ, ಮುಖವೇ ಬಿದ್ದಿಲ್ಲೆ," ಎಂದಳು ಹಾಲಿ.

ಮಲ್ಲಿ ಈಗ ಈ ಮನೆಯ ಅಂಗಳ ತುಳಿಯುವುದಿಲ್ಲ. ಬಂದಾಗಲೆಲ್ಲ ಹಾಲಿ ಅವಳ ಗಲ್ಲ ಹಿಡಿದು, "ನೀನು ದಿನೇ ದಿನೇ ನಮ್ಮ ಲಿಂಗಿ ಥರ ಆಗ್ತಾ ಇದ್ದೀಯ ಕಣೇ," ಎನ್ನುತ್ತಿದ್ದಳು. ಅವಳು ಎಷ್ಟು ಸಲ ಕೇಳಿಸಿಕೊಂಡಾಳು?

ಆ ವರ್ಷ ಹಿಮ ಜಾಸ್ತಿ ಬಿತ್ತು, ಆಲೂಗಡ್ಡೆ ಗಿಡಗಳೆಲ್ಲ ಸುಟ್ಟು ಕರಿಯಾದವು. ಒಂದು ಬೆಳಗ್ಗೆ ಕರಕಲಾದ ಗಿಡಗಳ ನಡುವೆ ನಿಂತಿದ್ದ ಕಾಳನಿಗೆ ಲಿಂಗಿಯ ನೆನಪಾಯಿತು. ಕರೆಯದೆ ಬಂತು. ಹಣೆಗೆ ಕೈಮರೆ ಹಿಡಿದು ನಕ್ಕ ಹುಡುಗಿ, ಅದೇ ಮೂಗು, ಅದೇ ಗಲ್ಲ. ಅದು ಯಾರೆಂದು ಅವನಿಗೆ ಗೊತ್ತಿತ್ತು. ಥೂ ಎಂದು ಉಗಿದು ಅದನ್ನು ಅಟ್ಟಿದ. ತನ್ನದಾಗಿ ಉಳಿದಿದ್ದ ಆ ಒಂದೇ ಒಂದನ್ನು ಹುಡುಕಿದ: ನಡುಮನೆ, ಒಲೆ, ಬೆತ್ತ, ಮುಂದೆ ಚಾಚಿದ ಕೈ. ಕೈ ಬಂತು. ಬಾಸುಂಡೆಯೂ ಇತ್ತು.

ಅದು ಎಡಗೈಯೋ ಬಲಗೈಯೋ ಗೊತ್ತಾಗಲಿಲ್ಲ. ಕಾಳ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಒಂದೊಂದನ್ನೂ ನೋಡಿದ. ಹಿಮ ಕರಗಿ ಗಿಡಗಳಿಂದ ನೀರು ತೊಟ್ಟಿಕ್ಕತೊಡಗಿತು. ಅವನು ಇನ್ನೂ ಹಾಗೇ ನಿಂತಿದ್ದ.